ಮೊದಲು ಸೊಪ್ಪು, ಆಮೇಲೆ ಹುಳ: ಟಿಪ್ಪು ಸುಲ್ತಾನರು ಮತ್ತು ನಮ್ಮ ಹಿಪ್ಪುನೇರಳೆ

ಟಿಪ್ಪು ಸುಲ್ತಾನರ ಹೆಸರು ಕೇಳಿದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಹುಲಿ, ಕತ್ತಿ ಮತ್ತು ರಾಕೆಟ್. ಹೈಸ್ಕೂಲಿನಲ್ಲಿ ನಾವು ಬಾಯಿಪಾಠ ಮಾಡಿದ್ದು ನಾಲ್ಕು ಮೈಸೂರು ಯುದ್ಧಗಳ ಇಸವಿಗಳನ್ನು. ಆ ಯುದ್ಧಗಳ ಬಗ್ಗೆ ದೊಡ್ಡವರು ಇಂದಿಗೂ ವಾದ ಮಾಡುತ್ತಾರೆ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರಾದ ನಮಗೆ ಅವರ ಕಾಲದಿಂದ ಬಂದ ದೊಡ್ಡ ಆಸ್ತಿ ಒಂದು ಗಿಡ. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಅದನ್ನು ಶಹತೂತ್ ಅನ್ನುತ್ತೇವೆ. ಕನ್ನಡ ಪುಸ್ತಕದಲ್ಲಿ ಅದು ಹಿಪ್ಪುನೇರಳೆ. ಹೊಲದಲ್ಲಿ ಕೇಳಿದರೆ ಬರೀ ರೇಷ್ಮೆ ಸೊಪ್ಪು. ಈ ಲೇಖನದಲ್ಲಿ ಟಿಪ್ಪು ಅವರ ಜೀವನವನ್ನು ಆ ಗಿಡದ ಕಡೆಯಿಂದ ಹೇಳಲು ಪ್ರಯತ್ನಿಸಿದ್ದೇನೆ.

ಟಿಪ್ಪು ಅವರು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ, ತಾಯಿ ಫಾತಿಮಾ ಫಖ್ರುನ್ನೀಸಾ. ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರ ನೆನಪಿಗೆ ಮಗುವಿಗೆ ಆ ಹೆಸರಿಟ್ಟರು. ಹೈದರ್ ಅಲಿಗೆ ಓದು ಬರಹ ಬರುತ್ತಿರಲಿಲ್ಲ. ಮಗ ಹಾಗಾಗಬಾರದು ಎಂದು ಒಳ್ಳೆಯ ಉಸ್ತಾದರನ್ನು ಇಟ್ಟು ಓದಿಸಿದರು. ಕುದುರೆ ಸವಾರಿ, ಯುದ್ಧ ವಿದ್ಯೆಯ ಜೊತೆಗೆ ಟಿಪ್ಪು ಭಾಷೆಗಳನ್ನೂ ಕಲಿತರು. ದೊಡ್ಡವರಾದ ಮೇಲೆ ಪುಸ್ತಕ ಸಂಗ್ರಹಿಸಿದರು. ಅಧಿಕಾರಿಗಳಿಗೆ ಬಹಳ ಸಣ್ಣ ವಿಷಯದ ಮೇಲೂ ಪತ್ರ ಬರೆಯುವ ಅಭ್ಯಾಸ ಅವರಿಗಿತ್ತು. ಅವರ ಗಿಡಗಳ ಕಥೆ ನಮಗೆ ಗೊತ್ತಾಗಿರುವುದೂ ಆ ಪತ್ರಗಳಿಂದಲೇ.

ಬೆಂಗಳೂರಿನಲ್ಲಿ ಹೈದರ್ ಅಲಿ ಲಾಲ್‌ಬಾಗ್ ತೋಟ ಶುರು ಮಾಡಿದ್ದು 1760ರಲ್ಲಿ. ಆಗ ಟಿಪ್ಪು ಹತ್ತು ವರ್ಷದ ಹುಡುಗ. ದೆಹಲಿ, ಲಾಹೋರ್, ಮುಲ್ತಾನ್, ಆರ್ಕಾಟ್‌ನಿಂದ ಗಿಡಗಳು ಆ ತೋಟಕ್ಕೆ ಬಂದವು. ತಂದೆಯ ತೋಟವನ್ನು ಮಗ ಮುಂದುವರಿಸಿ ದೊಡ್ಡದು ಮಾಡಿದರು. ಸುಲ್ತಾನರಾದ ಮೇಲೆ ಫ್ರಾನ್ಸಿನ ದೊರೆ ಹದಿನಾರನೇ ಲೂಯಿ ಬಳಿಗೆ ರಾಯಭಾರಿಗಳನ್ನು ಕಳಿಸಿದಾಗ, 1788ರಲ್ಲಿ, ಸೈನ್ಯದ ಸಹಾಯದ ಜೊತೆಗೆ ಕುಶಲಕರ್ಮಿಗಳನ್ನೂ ಗಿಡ ಮತ್ತು ಬೀಜಗಳನ್ನೂ ಕೇಳಿಸಿದರು. ಅವರ ಕಂದಾಯದ ನಿಯಮಗಳಲ್ಲಿ ನನಗೆ ಬಹಳ ಇಷ್ಟವಾದ ಒಂದು ಮಾತಿದೆ. ತಪ್ಪು ಮಾಡಿದ ರೈತನಿಂದ ದಂಡದ ಹಣ ವಸೂಲಿ ಮಾಡುವ ಬದಲು ಅವನ ಕೈಯಲ್ಲಿ ಊರ ಮುಂದೆ ಮಾವು, ಬಾದಾಮಿ ಗಿಡ ನೆಡಿಸಬೇಕು. ಗಿಡ ಒಂದು ಎತ್ತರಕ್ಕೆ ಬರುವ ತನಕ ಅವನೇ ನೀರು ಹಾಕಬೇಕು. ದಂಡದ ಹಣ ಖಜಾನೆಗೆ ಹೋಗಿ ಖರ್ಚಾಗುತ್ತದೆ. ಗಿಡವಾದರೆ ಊರಿನಲ್ಲೇ ಉಳಿಯುತ್ತದೆ.

1782ರ ಡಿಸೆಂಬರ್‌ನಲ್ಲಿ ಹೈದರ್ ಅಲಿ ತೀರಿಕೊಂಡಾಗ ಎರಡನೇ ಮೈಸೂರು ಯುದ್ಧ ಇನ್ನೂ ನಡೆಯುತ್ತಿತ್ತು. ಟಿಪ್ಪು ಅದನ್ನು ಮುಂದುವರಿಸಿ, 1784ರಲ್ಲಿ ಮಂಗಳೂರು ಒಪ್ಪಂದದಿಂದ ಮುಗಿಸಿದರು. ಆಮೇಲೆ ಸಿಕ್ಕ ಕೆಲವು ವರ್ಷಗಳಲ್ಲಿ ಅವರು ವ್ಯಾಪಾರದ ಕಡೆ ಗಮನ ಕೊಟ್ಟರು. ನಾನು ಕಾಮರ್ಸ್ ವಿದ್ಯಾರ್ಥಿಯಾದ್ದರಿಂದ ಈ ಭಾಗವನ್ನು ಹೆಚ್ಚು ಆಸಕ್ತಿಯಿಂದ ಓದಿದೆ. ಗಂಧ, ಮೆಣಸು ಮುಂತಾದ ಸರಕುಗಳನ್ನು ಮಾರಲು ರಾಜ್ಯದ ಒಳಗೂ ಹೊರಗೂ ಸರ್ಕಾರಿ ಕೋಠಿಗಳನ್ನು ತೆರೆದರು. ಅರಬ್ ನಾಡಿನ ಮಸ್ಕತ್‌ನಲ್ಲೂ ಅವರ ಕೋಠಿ ಇತ್ತು. ಹೊರಗಿನಿಂದ ಕೊಳ್ಳುವ ವಸ್ತುವನ್ನು ನಮ್ಮಲ್ಲೇ ಮಾಡಬೇಕು ಎಂಬುದು ಅವರ ಲೆಕ್ಕ. ರೇಷ್ಮೆಯೂ ಆ ಲೆಕ್ಕದಲ್ಲಿತ್ತು.

ಆ ಕಾಲದಲ್ಲಿ ರೇಷ್ಮೆಗೆ ಬಂಗಾಳ ಹೆಸರುವಾಸಿ. ಟಿಪ್ಪು ಅವರು ಹುಳ ತರಲು ಜನರನ್ನು ಅಲ್ಲಿಗೆ ಕಳಿಸಿದರು. ಅವರಲ್ಲಿ ಒಬ್ಬರ ಹೆಸರು ಕಸ್ತೂರಿ ರಂಗ. 1786ರ ಸೆಪ್ಟೆಂಬರ್‌ನಲ್ಲಿ, ಅವರು ಇನ್ನೂ ದಾರಿಯಲ್ಲಿರುವಾಗಲೇ, ಸುಲ್ತಾನರು ಶ್ರೀರಂಗಪಟ್ಟಣದ ಕಿಲ್ಲೇದಾರರಿಗೆ ಪತ್ರ ಬರೆದರು. ಹುಳ ಇಡಲು ಎಂಥ ಜಾಗ ಬೇಕು ಎಂದು ತಂದವರನ್ನೇ ಕೇಳಿ ಅದರಂತೆ ವ್ಯವಸ್ಥೆ ಮಾಡಬೇಕು, ಮೊದಲೇ ನೆಡಲು ಹೇಳಿದ್ದ ಹಿಪ್ಪುನೇರಳೆ ಮರಗಳ ಸೊಪ್ಪನ್ನು ಹುಳಕ್ಕೆ ಕೊಡಬೇಕು ಎಂಬುದು ಅದರ ಸಾರಾಂಶ.

ಇಲ್ಲಿ ಗಮನಿಸಬೇಕಾದ ಮಾತು ಮೊದಲೇ ಎಂಬುದು. ರೇಷ್ಮೆ ಹುಳ ಹಿಪ್ಪುನೇರಳೆ ಸೊಪ್ಪು ಬಿಟ್ಟು ಬೇರೆ ತಿಂದು ಗೂಡು ಕಟ್ಟುವುದಿಲ್ಲ. ಅದು ಸುಮಾರು 25 ದಿನ ಮೇಯುತ್ತದೆ, ಅದರಲ್ಲೂ ಕೊನೆಯ ವಾರದಲ್ಲಿ ತಿನ್ನುವುದೇ ಬಹುಪಾಲು. ಆ ವಾರ ಸೊಪ್ಪು ಸಾಲದೆ ಹೋದರೆ ಮೊದಲಿನ ಶ್ರಮವೆಲ್ಲ ವ್ಯರ್ಥ. ನಮ್ಮ ಕಡೆ ಹುಳ ಸಾಕುವ ಮನೆಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹುಳ ತರಿಸಿ ಆಮೇಲೆ ಸೊಪ್ಪು ಹುಡುಕುವುದು ಅವಸರದ ವ್ಯಾಪಾರ. ಟಿಪ್ಪು ಅವರು ಮೊದಲು ಗಿಡ ನೆಡಿಸಿದರು, ಆಮೇಲೆ ಹುಳ ತರಿಸಿದರು. ಬಂಗಾಳದ ಜೊತೆಗೆ ಮಸ್ಕತ್ ಕಡೆಯಿಂದಲೂ ಹುಳ ಮತ್ತು ಅದನ್ನು ಸಾಕಲು ಬಲ್ಲ ಜನರನ್ನು ತರಿಸಲು ಪ್ರಯತ್ನ ಪಟ್ಟರು. ರಾಜ್ಯದ 21 ಕಡೆ ರೇಷ್ಮೆ ಸಾಕಣೆಯ ಕೇಂದ್ರಗಳಿಗೆ ಯೋಜನೆ ಹಾಕಿದರು.

ಆದರೆ ಗಿಡಕ್ಕೆ ಬೇಕಾದ ಶಾಂತಿಯ ವರ್ಷಗಳು ಅವರಿಗೆ ಸಿಗಲಿಲ್ಲ. 1790ರಲ್ಲಿ ಮೂರನೇ ಯುದ್ಧ ಶುರುವಾಯಿತು. ಆ ಯುದ್ಧ ನಮ್ಮ ಬೆಟ್ಟಗಳ ತನಕ ಬಂತು. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮಾಗಡಿಯ ಸಾವನದುರ್ಗವನ್ನು ಹಿಡಿಯಿತು, ರಾಮಗಿರಿಯ ಕೋಟೆಯೂ ಬಿತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕಾಯಿತು. ಆ ಹಣ ತೀರುವ ತನಕ ಇಬ್ಬರು ಚಿಕ್ಕ ಮಕ್ಕಳನ್ನು ಒತ್ತೆಯಾಗಿ ಇಂಗ್ಲಿಷರ ಕೈಗೆ ಒಪ್ಪಿಸಬೇಕಾಯಿತು. ಮಕ್ಕಳು ಮನೆಗೆ ವಾಪಸ್ ಬಂದದ್ದು 1794ರಲ್ಲಿ. ಐದು ವರ್ಷಗಳ ನಂತರ, 1799ರ ಮೇ 4ರಂದು, ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಾ ಟಿಪ್ಪು ಸುಲ್ತಾನರು ಪ್ರಾಣ ಬಿಟ್ಟರು. ಗಂಜಾಮಿನ ಗುಂಬಜ್‌ನಲ್ಲಿ ತಂದೆ ತಾಯಿಯ ಪಕ್ಕದಲ್ಲಿ ಅವರ ಸಮಾಧಿ ಇದೆ. ಅದರ ಸುತ್ತಲೂ ತೋಟವೇ ಇದೆ.

ಆಮೇಲೆ ಹೆಸರುಗಳು ಬದಲಾದವು. ಅವರ ಕಾಲದಲ್ಲಿ ಶಂಸೇರಾಬಾದ್ ಆಗಿದ್ದ ನಮ್ಮ ರಾಮನಗರ, ಬ್ಯಾರಿ ಕ್ಲೋಸ್ ಎಂಬ ಇಂಗ್ಲಿಷ್ ಅಧಿಕಾರಿಯ ಹೆಸರಿನಲ್ಲಿ ಕ್ಲೋಸ್‌ಪೇಟೆ ಆಯಿತು. ಗಿಡ ಮಾತ್ರ ನಿಂತಿತು. ಟಿಪ್ಪು ನಂತರ ಸೊರಗಿದ್ದ ರೇಷ್ಮೆಯನ್ನು ಬೇರೆಯವರು ಎತ್ತಿ ಹಿಡಿದರು. ಜಮ್‌ಷೆಡ್‌ಜಿ ಟಾಟಾ ಅವರು 1890ರ ದಶಕದಲ್ಲಿ ಬೆಂಗಳೂರಿನಲ್ಲಿ ಜಪಾನಿನ ಪದ್ಧತಿಯ ರೇಷ್ಮೆ ತೋಟ ಮಾಡಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1912ರಲ್ಲಿ, ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಬಂತು. ಚನ್ನಪಟ್ಟಣ ತಾಲ್ಲೂಕಿನ ಕಣ್ವದ ಹೆಸರಿನಲ್ಲಿ ಕಣ್ವ-2 ಎಂಬ ಹಿಪ್ಪುನೇರಳೆ ತಳಿಯೇ ಇದೆ. ಇಂದು ರಾಮನಗರದ ಗೂಡಿನ ಮಾರುಕಟ್ಟೆಗೆ ಹಳ್ಳಿಯ ರೈತ ಗೂಡು ತರುತ್ತಾನೆ, ಪೇಟೆಯ ರೀಲರ್ ಕೊಂಡು ನೂಲು ತೆಗೆಸುತ್ತಾನೆ. ಮನೆಯಲ್ಲಿ ಬೇರೆ ಬೇರೆ ಭಾಷೆ ಆಡುವವರು ಹರಾಜಿನ ಹೊತ್ತಿನಲ್ಲಿ ಒಂದೇ ಲೆಕ್ಕ ಆಡುತ್ತಾರೆ. ಗೂಡಿನ ಬೆಲೆ ಇಳಿದರೆ ಇಬ್ಬರ ಮನೆಯಲ್ಲೂ ಫೀಸು ಕಟ್ಟುವುದು ತಡವಾಗುತ್ತದೆ.

ಈಗ ಒಂದು ಚಿಕ್ಕ ವಿಷಯ. ಚಳಿ ದೇಶಗಳಲ್ಲಿ ಜನ ಮುಳ್ಳಿಲ್ಲದ ಬ್ಲ್ಯಾಕ್‌ಬೆರಿಯ ಎಳೆ ಸಸಿ ತಂದು ಮನೆಯಲ್ಲೇ ಬೆಳೆಸುತ್ತಾರೆ. ಆ ಗಿಡಕ್ಕೆ ಚಳಿಗಾಲದ ಚಳಿ ಬೇಕು, ನಮ್ಮ ಬಯಲುಸೀಮೆಯ ಬಿಸಿಲಿಗೆ ಅದು ಹೊಂದುವುದಿಲ್ಲ. ನೋಡಲು ಹಾಗೆಯೇ ಇರುವ, ಮುಳ್ಳೇ ಇಲ್ಲದ ಕಪ್ಪು ಹಣ್ಣು ನಮ್ಮಲ್ಲಿ ಶಹತೂತ್. ಎರಡೂ ಬೇರೆ ಬೇರೆ ಜಾತಿಯ ಗಿಡಗಳು, ಆದರೆ ಮಕ್ಕಳ ಬಾಯಿಗೆ ಎರಡೂ ಸಿಹಿ. ಇದನ್ನು ಮನೆಯಲ್ಲಿ ಬೆಳೆಸುವುದು ಸುಲಭ.

ಹಣ್ಣು ಬಿಡುತ್ತಿರುವ ಗಿಡದಿಂದಲೇ ಕಡ್ಡಿ ತೆಗೆದುಕೊಳ್ಳಿ. ಹಿಪ್ಪುನೇರಳೆಯಲ್ಲಿ ಬರೀ ಗಂಡು ಹೂ ಬಿಡುವ ಗಿಡಗಳೂ ಇರುತ್ತವೆ, ಅವುಗಳ ಕಡ್ಡಿ ನೆಟ್ಟರೆ ಸೊಪ್ಪು ಮಾತ್ರ ಸಿಗುತ್ತದೆ. ಕಡ್ಡಿ ಬಲಿತಿರಬೇಕು, ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ ಇರಬೇಕು, ಮೂರು ನಾಲ್ಕು ಕಣ್ಣು ಇರಬೇಕು. ಕೆಂಪು ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದ ಚೀಲದಲ್ಲಿ, ಒಂದು ಕಣ್ಣು ಮಾತ್ರ ಮೇಲೆ ಕಾಣುವಂತೆ ಸ್ವಲ್ಪ ಓರೆಯಾಗಿ ಊರಬೇಕು. ತಲೆಕೆಳಗಾಗಿ ಊರಬಾರದು. ಚೀಲ ನೆರಳಿನಲ್ಲಿರಲಿ, ಮಣ್ಣು ಹಸಿಯಾಗಿರಲಿ, ನೀರು ನಿಲ್ಲದಿರಲಿ. ಚಿಗುರು ಬಂದ ಕೂಡಲೇ ಬೇರು ಬಂತೆಂದು ಕಿತ್ತು ನೋಡಬೇಡಿ. ಕಡ್ಡಿಯಲ್ಲಿ ಉಳಿದಿರುವ ಶಕ್ತಿಯಿಂದಲೇ ಮೊದಲ ಎಲೆ ಬರುತ್ತದೆ, ಬೇರು ಆಮೇಲೆ. ಮೂರು ನಾಲ್ಕು ತಿಂಗಳಿಗೆ ಸಸಿ ಗಟ್ಟಿಯಾದಾಗ ಹಿತ್ತಲಿಗೆ ಹಾಕಬಹುದು. ಹಿತ್ತಲಿಲ್ಲದವರು ತಳಕ್ಕೆ ತೂತು ಮಾಡಿದ ಹಳೆಯ ಪೇಂಟ್ ಡಬ್ಬದಲ್ಲಿ ನೆಟ್ಟು, ಚೆನ್ನಾಗಿ ಬಿಸಿಲು ಬೀಳುವ ಮಹಡಿಯ ಮೇಲೆ ಇಡಬಹುದು. ಹಣ್ಣು ಮುಗಿದ ಮೇಲೆ ಕೊಂಬೆ ಕತ್ತರಿಸಿದರೆ ಹೊಸ ಚಿಗುರಿನಲ್ಲಿ ಮತ್ತೆ ಹಣ್ಣು ಬರುತ್ತದೆ. ಕಾಲೇಜಿನ ಬಿಳಿ ಯೂನಿಫಾರ್ಮ್ ಹಾಕಿಕೊಂಡು ಮಾತ್ರ ಹಣ್ಣು ಕೀಳಬೇಡಿ, ಆ ಕಲೆ ಹೋಗುವುದಿಲ್ಲ.

ಟಿಪ್ಪು ಸುಲ್ತಾನರು ಬಯಸಿದ್ದ ರೇಷ್ಮೆಯ ನಾಡನ್ನು ಅವರು ಕಣ್ಣಾರೆ ನೋಡಲಿಲ್ಲ. ಗಿಡ ನೆಡುವವರ ಲೆಕ್ಕ ಬೇರೆ, ಅದರಲ್ಲಿ ಲಾಭ ಇನ್ನೊಬ್ಬರ ಖಾತೆಗೆ ಹೋದರೂ ನಷ್ಟವಲ್ಲ. ಕಲ್ಯ, ಮಾಗಡಿ ಕಡೆಯಿಂದ ಬಸ್ಸಿನಲ್ಲಿ ಬರುವ ಸ್ನೇಹಿತರಲ್ಲಿ ಒಂದು ಕೋರಿಕೆ. ನಿಮ್ಮೂರಿನಲ್ಲಿ ರೇಷ್ಮೆ ತೋಟ ಕತ್ತರಿಸುವ ದಿನ ಬದುವಿನ ಮೇಲೆ ಬೀಳುವ ಕಡ್ಡಿಗಳಲ್ಲಿ ಒಂದು ಕಟ್ಟು ಕಾಲೇಜಿಗೆ ತನ್ನಿ. ಪೇಟೆಯಲ್ಲಿರುವ ನಾವು ಚೀಲ ಮತ್ತು ಮಣ್ಣು ತಯಾರಾಗಿ ಇಟ್ಟಿರುತ್ತೇವೆ.