ಲೂಯಿಜಿ ಗ್ಯಾಲ್ವನಿ

ನಮ್ಮ ಶಾಲೆಯ ವಿಜ್ಞಾನ ಬೀರುವಿನಲ್ಲಿ ಒಂದು ಗ್ಯಾಲ್ವನೋಮೀಟರ್ ಇತ್ತು. ತಂತಿ ಜೋಡಿಸಿದೊಡನೆ ಮುಳ್ಳು ಓಡುವುದನ್ನು ನೋಡಲು ಮುಗಿಬೀಳುತ್ತಿದ್ದೆವು. ಅದು ಒಬ್ಬ ಮನುಷ್ಯನ ಹೆಸರು ಎಂದು ನನಗೆ ತಿಳಿದದ್ದು ಬಿ.ಇ. ಓದುವಾಗ. ಊರಿನ ಮನೆಗಳಿಗೆ ಹೊದಿಸುವ ಜಿ.ಐ. ಶೀಟಿನಲ್ಲೂ ಅವರ ಹೆಸರಿದೆ. ಕಬ್ಬಿಣಕ್ಕೆ ಸತು ಲೇಪಿಸುವ ಕೆಲಸ ಮಾತ್ರ ಅವರದಲ್ಲ.

ಗ್ಯಾಲ್ವನಿ 1737ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಹುಟ್ಟಿದರು. ಅಲ್ಲೇ ಓದಿ, ಅಲ್ಲೇ ಅಂಗರಚನಾಶಾಸ್ತ್ರ ಕಲಿಸಿದರು. ಗುರುಗಳ ಮಗಳು ಲೂಸಿಯಾರನ್ನು ಮದುವೆಯಾದರು. ಪ್ರಯೋಗಗಳಲ್ಲಿ ಆಕೆಯೂ ಜೊತೆಗಿದ್ದರು. 1780ರ ದಶಕದ ಆರಂಭದ ಮಾತು. ಕೊಯ್ದಿಟ್ಟ ಕಪ್ಪೆಯ ನರಕ್ಕೆ ಚೂರಿಯ ಮೊನೆ ತಾಗಿತ್ತು. ಅದೇ ಹೊತ್ತಿಗೆ ಹತ್ತಿರದ ವಿದ್ಯುತ್ ಯಂತ್ರದಲ್ಲಿ ಕಿಡಿ ಹಾರಿತು. ಸತ್ತ ಕಪ್ಪೆಯ ಕಾಲು ಝಾಡಿಸಿತು! ಬೇರೆಯವರಾದರೆ ನಕ್ಕು ಬಿಡುತ್ತಿದ್ದರೇನೋ. ಗ್ಯಾಲ್ವನಿ ಹತ್ತು ವರ್ಷ ಅದರ ಬೆನ್ನು ಹತ್ತಿದರು. ಪ್ರಾಣಿಯ ದೇಹದಲ್ಲೇ ವಿದ್ಯುತ್ ಇದೆ ಎಂದು 1791ರಲ್ಲಿ ಪ್ರಕಟಿಸಿದರು. ಅದನ್ನು ನೋಡಲು ಲೂಸಿಯಾ ಇರಲಿಲ್ಲ; ಅದಕ್ಕೂ ಮೊದಲೇ ತೀರಿಕೊಂಡಿದ್ದರು.

ಅಲೆಸ್ಸಾಂಡ್ರೊ ವೋಲ್ಟಾ ಮೊದಲು ಒಪ್ಪಿ, ಆಮೇಲೆ ತಿರುಗಿ ನಿಂತರು. ವಿದ್ಯುತ್ ಬರುವುದು ಎರಡು ಬೇರೆ ಲೋಹಗಳು ತಾಗುವುದರಿಂದ, ಕಪ್ಪೆ ಅದನ್ನು ತೋರಿಸುತ್ತದೆ ಅಷ್ಟೆ ಎಂಬುದು ಅವರ ವಾದ. 1794ರಲ್ಲಿ ಗ್ಯಾಲ್ವನಿ ಲೋಹವನ್ನೇ ದೂರವಿಟ್ಟು, ಕಪ್ಪೆಯ ನರವನ್ನು ಅದರದೇ ಸ್ನಾಯುವಿಗೆ ತಾಗಿಸಿದರು. ಆಗಲೂ ಕಾಲು ಅದುರಿತು. ನನ್ನ ಮಟ್ಟಿಗೆ ಅವರ ನಿಜವಾದ ಗೆಲುವು ಇದೇ, ಆದರೆ ಹೆಚ್ಚು ಜನ ಗಮನಿಸಲಿಲ್ಲ.

ಇಂದು ನೋಡಿದರೆ ಇಬ್ಬರದೂ ಅರ್ಧರ್ಧ ಸರಿ. ಸುಮ್ಮನಿರುವ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಪ್ರಚೋದನೆ ಒಂದು ಮಿತಿ ದಾಟಿದರೆ ಪೊರೆಯ ಪುಟ್ಟ ಬಾಗಿಲುಗಳು ತೆರೆದು ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ. ಅದು ಪಕ್ಕದ ಬಾಗಿಲುಗಳನ್ನೂ ತೆರೆಸುತ್ತದೆ. ಸಂಕೇತ ಹೀಗೆ ಮುಂದೆ ಸಾಗುತ್ತದೆ. ಹಿಂದೆಯೇ ಪೊಟ್ಯಾಸಿಯಂ ಹೊರಬಂದು ಎಲ್ಲ ಮೊದಲಿನಂತಾಗುತ್ತದೆ. ಮಿತಿ ದಾಟದಿದ್ದರೆ ಸಂಕೇತವೇ ಇಲ್ಲ. ದಿನವಿಡೀ ಸೊನ್ನೆ, ಒಂದುಗಳ ಜೊತೆ ಕೂರುವ ನನಗೆ ಇದು ತುಂಬ ಹತ್ತಿರದ ವಿಷಯ.

ನೆಪೋಲಿಯನ್ ಸೇನೆ ಬಂದ ಮೇಲೆ ಹೊಸ ಸರ್ಕಾರ ನಿಷ್ಠೆಯ ಪ್ರಮಾಣ ಕೇಳಿತು. ಗ್ಯಾಲ್ವನಿ ಒಪ್ಪಲಿಲ್ಲ, ಕೆಲಸ ಹೋಯಿತು. 1798ರ ಡಿಸೆಂಬರಿನಲ್ಲಿ ತೀರಿಕೊಂಡರು. 1800ರಲ್ಲಿ ವೋಲ್ಟಾರ ಬ್ಯಾಟರಿಯ ಸುದ್ದಿ ಹೊರಬಿತ್ತು, ಕಪ್ಪೆಯ ಮಾತು ಹಿಂದೆ ಸರಿಯಿತು. 1840ರ ದಶಕದಲ್ಲಿ ಜರ್ಮನಿಯ ಎಮಿಲ್ ಡು ಬ್ವಾ-ರೇಮೋಂ ನರದಲ್ಲಿ ಹರಿಯುವ ವಿದ್ಯುತ್ ಸಂಕೇತವನ್ನು ಅಳೆದು ತೋರಿಸಿದರು. ಅದಕ್ಕೆ ಅವರು ಬಳಸಿದ್ದು ತಾವೇ ಸಾವಿರಾರು ಸುತ್ತು ತಂತಿ ಸುತ್ತಿದ ಒಂದು ಗ್ಯಾಲ್ವನೋಮೀಟರ್.