ಗಾಲಿಬ್ ಅವರ ಕಣ್ಣೀರಿನ ಲೆಕ್ಕ

ದುಃಖ ಬಂದರೆ ಕನ್ನಡದಲ್ಲಿ ಕಣ್ಣೀರಿನ ಕೋಡಿ ಹರಿಯುತ್ತದೆ. ಉರ್ದು ಗಜಲ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಪ್ರೇಮಿ ಅತ್ತರೆ ಮನೆಯ ಜೊತೆ ಊರೂ ಕೊಚ್ಚಿಹೋಗುತ್ತದೆ. ಕನ್ನಡದ ಅತಿಶಯೋಕ್ತಿಗೆ ಉರ್ದುವಿನಲ್ಲಿ ಮುಬಾಲಗಾ ಎನ್ನುತ್ತಾರೆ. ಮನೆಯಲ್ಲಿ ಉರ್ದು ಮಾತನಾಡಿ ಕಾಲೇಜಿನಲ್ಲಿ ಕನ್ನಡ ಬರೆಯುವ ನನಗೆ ಎರಡೂ ಪರಿಚಿತ. ಆದರೆ ಕಾಮರ್ಸ್ ಓದುವವರಿಗೆ ಲೆಕ್ಕ ಕೇಳುವ ಅಭ್ಯಾಸ. ಇಷ್ಟು ದೊಡ್ಡ ಮಾತು ಸುಳ್ಳಾಗುವುದಿಲ್ಲವೇ? ನನಗೆ ಉತ್ತರ ಸಿಕ್ಕಿದ್ದು ಮಿರ್ಜಾ ಗಾಲಿಬ್ ಅವರ ಬದುಕಿನಲ್ಲಿ.

ಅವರ ನಿಜ ಹೆಸರು ಅಸದುಲ್ಲಾ ಬೇಗ್ ಖಾನ್. 1797ರ ಡಿಸೆಂಬರ್ 27ರಂದು ಆಗ್ರಾದಲ್ಲಿ ಹುಟ್ಟಿದರು. ಸುಮಾರು ಐದು ವರ್ಷದವರಿದ್ದಾಗ ತಂದೆ ಯುದ್ಧದಲ್ಲಿ ತೀರಿಕೊಂಡರು. ಸಾಕಿದ ಚಿಕ್ಕಪ್ಪನೂ ಕೆಲವೇ ವರ್ಷಗಳಲ್ಲಿ ಹೋದರು. ಹದಿಮೂರನೆಯ ವಯಸ್ಸಿಗೆ ಉಮ್ರಾವ್ ಬೇಗಂ ಜೊತೆ ನಿಕಾಹ್ ಆಯಿತು, ಆಮೇಲೆ ದೆಹಲಿಯೇ ಅವರ ಊರಾಯಿತು. ಹುಟ್ಟಿದ ಏಳು ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ. ಮಗನಂತೆ ನೋಡಿಕೊಂಡ, ಹೆಂಡತಿಯ ಸೋದರಿಯ ಮಗ ಆರಿಫ್ ಕೂಡ 1852ರಲ್ಲಿ ತೀರಿಕೊಂಡರು.

ಇನ್ನು ಹಣದ ಲೆಕ್ಕ. ಚಿಕ್ಕಪ್ಪನ ಹೆಸರಿನ ಪಿಂಚಣಿಯಲ್ಲಿ ಗಾಲಿಬ್ ಪಾಲು ವರ್ಷಕ್ಕೆ 750 ರೂಪಾಯಿ, ಅಂದರೆ ತಿಂಗಳಿಗೆ 62 ರೂಪಾಯಿ ಎಂಟಾಣೆ. ತಮಗೆ ಹೆಚ್ಚು ಬರಬೇಕೆಂದು ಅವರು ದೂರದ ಕಲ್ಕತ್ತಾಕ್ಕೆ ಹೊರಟರು. 1828ರಲ್ಲಿ ಅಲ್ಲಿಗೆ ತಲುಪಿ ಕಂಪನಿ ಸರ್ಕಾರಕ್ಕೆ ಅರ್ಜಿ ಕೊಟ್ಟರು. ಅರ್ಜಿ ಫಲಿಸಲಿಲ್ಲ, ಸಾಲ ಮಾತ್ರ ಬೆಳೆಯಿತು. 1850ರಲ್ಲಿ ಬಾದಶಾಹ ಬಹಾದೂರ್ ಶಾ ಜಫರ್ ತಮ್ಮ ವಂಶದ ಚರಿತ್ರೆ ಬರೆಯಲು ತಿಂಗಳಿಗೆ 50 ರೂಪಾಯಿ ಗೊತ್ತುಮಾಡಿದಾಗ ಸ್ವಲ್ಪ ಆಸರೆ ಸಿಕ್ಕಿತು.

ಇಷ್ಟನ್ನು ತಿಳಿದ ಮೇಲೆ ಅವರ ಗಜಲ್‌ಗಳ ಕಣ್ಣೀರಿನ ಪ್ರವಾಹ ನನಗೆ ಸುಳ್ಳೆನಿಸಲಿಲ್ಲ. ಏಳು ಮಕ್ಕಳನ್ನು ಮಣ್ಣು ಮಾಡಿದ ಮನೆಯ ದುಃಖವನ್ನು ಯಾವ ಅಳತೆಯಲ್ಲಿ ಹೇಳುವುದು? ಅಳತೆ ಸಾಲದೇ ಹೋದಾಗ ಮಾತು ದೊಡ್ಡದಾಗುತ್ತದೆ.

ಆದರೆ ಅವರಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. 1857ರ ದಂಗೆಯ ನಂತರ ಬ್ರಿಟಿಷರು ದೆಹಲಿಯನ್ನು ಮತ್ತೆ ವಶಪಡಿಸಿಕೊಂಡರು. ಗಾಲಿಬ್ ಅವರ ತಮ್ಮ ಯೂಸುಫ್ ಆ ದಿನಗಳಲ್ಲೇ ತೀರಿಕೊಂಡರು. ಗೆಳೆಯರಲ್ಲಿ ಕೆಲವರು ಕೊಲೆಯಾದರು, ಕೆಲವರು ಊರು ಬಿಟ್ಟರು. ಪಿಂಚಣಿ ನಿಂತುಹೋಗಿ 1860ರಲ್ಲಷ್ಟೇ ಮತ್ತೆ ಸಿಕ್ಕಿತು. ಆಗ ಅವರು ಸ್ನೇಹಿತರಿಗೆ ಬರೆದ ಉರ್ದು ಪತ್ರಗಳು ಎದುರಿಗೆ ಕೂತು ಮಾತನಾಡಿದಂತಿವೆ. ಯಾವ ಬಾವಿಯ ನೀರು ಉಪ್ಪಾಯಿತು, ಯಾವ ಮೊಹಲ್ಲಾ ನೆಲಸಮವಾಯಿತು ಎಂದು ಒಂದೊಂದಾಗಿ ತಿಳಿಸುತ್ತಾರೆ. ಜಾಮಾ ಮಸೀದಿಯಿಂದ ರಾಜಘಾಟ್ ದ್ವಾರದವರೆಗೆ ಬರೀ ಬಯಲಾಗಿದೆ ಎನ್ನುತ್ತಾರೆ. ಗಜಲ್‌ನಲ್ಲಿ ಊರು ಹಾಳಾಯಿತು ಎಂದರೆ ಅದು ಮುಬಾಲಗಾ. ಇಲ್ಲಿ ಅದೇ ಮಾತು ವರದಿ. ಓದುವಾಗ ಎದೆ ಭಾರವಾಗುವುದು ಈ ಸರಳ ಮಾತಿಗೇ.

ನಮ್ಮ ಪತ್ರಿಕೆಗೆ ಕಥೆ, ಕವನ ಬರೆಯುವ ಗೆಳೆಯ ಗೆಳತಿಯರಿಗೆ ನಾನು ಹೇಳಬೇಕೆಂದಿರುವುದು ಇದನ್ನೇ. ಅಪ್ಪನ ಅಂಗಡಿ ಮುಚ್ಚಿದ ಕಥೆಯಲ್ಲಿ ಆಕಾಶವೇ ಕಳಚಿ ಬೀಳಲಿ, ತಪ್ಪೇನಿಲ್ಲ. ಆದರೆ ಅದಕ್ಕೂ ಮೊದಲು ಆ ಮನೆಗೆ ಬರುತ್ತಿದ್ದ ಒಂದು ಲೀಟರ್ ಹಾಲು ಅರ್ಧ ಲೀಟರ್ ಆದದ್ದನ್ನು ಬರೆಯಿರಿ. ಆಗ ಬಿದ್ದ ಆಕಾಶವನ್ನು ಓದುವವರು ನಂಬುತ್ತಾರೆ.

ಗಾಲಿಬ್ 1869ರ ಫೆಬ್ರವರಿ 15ರಂದು ದೆಹಲಿಯಲ್ಲಿ ನಿಧನರಾದರು. ಅವರ ಸಮಾಧಿ ನಿಜಾಮುದ್ದೀನ್‌ನಲ್ಲಿದೆ. ಅವರ ಬದುಕನ್ನು ಓದಿದ ಮೇಲೆ ಕಣ್ಣೀರಿನ ಕೋಡಿ ಎಂಬ ನಮ್ಮ ಕನ್ನಡದ ಮಾತೂ ನನಗೆ ಹೊಸದಾಗಿ ಅರ್ಥವಾಯಿತು. ಕೆರೆ ತುಂಬಿದ ಮೇಲಲ್ಲವೇ ಕೋಡಿ ಹರಿಯುವುದು?