ವಿರೂಪಾಕ್ಷಿಯ ಗೋಪಾಲ ನಾಯಕ

ತಮಿಳುನಾಡಿನ ಉತ್ತಮಪಾಳಯಂ, ಕಂಬಂ ಕಡೆಗಳಲ್ಲಿ ಕನ್ನಡ ಮನೆಮಾತಿನ ಒಕ್ಕಲಿಗ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವುದನ್ನು ನಮ್ಮ ಓದುಗರಲ್ಲಿ ಹಲವರು ಬಲ್ಲರು. ಆ ಕಣಿವೆಯಿಂದ ಉತ್ತರಕ್ಕೆ, ಪಳನಿ ಬೆಟ್ಟಗಳ ಆಚೆ ಮಗ್ಗುಲಲ್ಲಿ, ದಿಂಡಿಗಲ್ ಸೀಮೆಯ ವಿರೂಪಾಕ್ಷಿ ಎಂಬ ಊರಿದೆ. ಕುಂಪಣಿ ಸರಕಾರವು ಅಪರಾಧಿಯೆಂದು ಸಾರಿ, ಕಾಡುಮೇಡುಗಳಲ್ಲಿ ಬೇಟೆಯಾಡಿ, 1801ರಲ್ಲಿ ಗಲ್ಲಿಗೇರಿಸಿದ ಗೋಪಾಲ ನಾಯಕನು ಆ ಪಾಳೆಯಪಟ್ಟಿನ ಒಡೆಯ. ಆತನ ಚರಿತ್ರೆಗೂ ಕನ್ನಡ ನಾಡಿಗೂ ಇರುವ ನಂಟನ್ನು ಇಲ್ಲಿ ನೆನೆಯುವುದು ಯುಕ್ತವೆಂದು ಭಾವಿಸುತ್ತೇವೆ.

ದಿಂಡಿಗಲ್ ಆಗ ಮೈಸೂರಿಗೆ ಹೊರಗಿನ ಊರಾಗಿರಲಿಲ್ಲ. ಹೈದರಾಲಿಯು 1755ರಲ್ಲಿ ಅಲ್ಲಿ ಫೌಜುದಾರನಾಗಿದ್ದವನು. 1772ರಲ್ಲಿ ಕುಂಪಣಿ ಮತ್ತು ಆರ್ಕಾಟಿನ ನವಾಬನ ಸೈನ್ಯಗಳು ಕಾಳೈಯಾರ್‌ಕೋವಿಲಿನಲ್ಲಿ ಶಿವಗಂಗೆಯ ಅರಸ ಮುತ್ತು ವಡುಗನಾಥರನ್ನು ಕೊಂದಾಗ, ರಾಣಿ ವೇಲು ನಾಚಿಯಾರ್ ಎಳೆಯ ಮಗಳೊಂದಿಗೆ ತಲೆಮರೆಸಿಕೊಂಡು ಬಂದದ್ದು ಈ ಸೀಮೆಗೇ. ಹೈದರನ ಬೆಂಬಲದಲ್ಲಿ, ಗೋಪಾಲ ನಾಯಕನ ಆಸರೆಯಲ್ಲಿ, ಆಕೆ ಸುಮಾರು ಎಂಟು ವರ್ಷ ಕಳೆದು, 1780ರಲ್ಲಿ ತನ್ನ ರಾಜ್ಯವನ್ನು ಮರಳಿ ಪಡೆದಳು. ಗಂಡನನ್ನು ಕಳೆದುಕೊಂಡ ಹೆಣ್ಣಿಗೆ ಬಾಗಿಲು ತೆರೆದ ಮನೆ ಎಂಬ ಕೀರ್ತಿ ವಿರೂಪಾಕ್ಷಿಗೆ ಅಂದೇ ಸಂದಿತು.

1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪುವು ದಿಂಡಿಗಲ್ಲನ್ನು ಕುಂಪಣಿಗೆ ಬಿಟ್ಟುಕೊಡಬೇಕಾಯಿತು. ಕಂದಾಯದ ಹೊರೆ ಏರಿತು. ಪಾಳೆಯಗಾರರ ಹಳೆಯ ಹಕ್ಕುಗಳು ಒಂದೊಂದಾಗಿ ಕಳಚಿದವು. 1799ರ ಮೇ ತಿಂಗಳಲ್ಲಿ ಟಿಪ್ಪು ಮಡಿದನು. ಅದೇ ಅಕ್ಟೋಬರದಲ್ಲಿ ಕಟ್ಟಬೊಮ್ಮನನ್ನು ಕಯತ್ತಾರಿನಲ್ಲಿ ನೇಣಿಗೆ ಹಾಕಲಾಯಿತು. ಒಬ್ಬೊಬ್ಬರೇ ನಿಂತರೆ ಎಲ್ಲರ ಗತಿಯೂ ಇಷ್ಟೇ ಎಂಬುದು ಗೋಪಾಲ ನಾಯಕನಿಗೆ ಮನದಟ್ಟಾಯಿತು.

ಮಣಪ್ಪಾರೈ, ದೇವದಾನಪಟ್ಟಿ ಮುಂತಾದ ಕಡೆಯ ನಾಯಕರನ್ನು ಕೂಡಿಸಿ ಆತ ಒಂದು ಒಕ್ಕೂಟವನ್ನು ಕಟ್ಟಿದನು. ಚನ್ನಗಿರಿಯಲ್ಲಿ ಹುಟ್ಟಿ, ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು, ಬಿದನೂರು ಸೀಮೆಯಲ್ಲಿ ಬಂಡೆದ್ದಿದ್ದ ಧೋಂಡಿಯಾ ವಾಘನ ಬಳಿಗೆ ಆತನ ದೂತರು ಹೋದರು. ಮಲಬಾರಿನ ಪಳಶ್ಶಿರಾಜನೊಂದಿಗೂ ಸಂಪರ್ಕ ಬೆಳೆಯಿತು. ಆತನ ಮನೆಮಾತು ತೆಲುಗು, ಆಳಿದ ನೆಲ ತಮಿಳು. ನೆರವು ಬಯಸಿದ್ದು ಕನ್ನಡ, ಮಲಯಾಳ ನಾಡುಗಳಿಂದ. ಭಾಷೆ ಇಲ್ಲಿ ಗೋಡೆಯಾಗಲಿಲ್ಲ.

1800ರ ಏಪ್ರಿಲಿನಲ್ಲಿ ವಿರೂಪಾಕ್ಷಿಯಲ್ಲಿ ಗುಟ್ಟಿನ ಸಭೆ ಸೇರಿತು. ಜೂನ್ 3ರಂದು ಕೊಯಮತ್ತೂರಿನ ದಂಡಿನ ಠಾಣ್ಯದ ಮೇಲೆ ಬೀಳುವುದೆಂದು ನಿಶ್ಚಯವಾಯಿತು. ಆದರೆ ಸುಳಿವು ಹೊರಬಿದ್ದು ಯತ್ನ ಮುರಿಯಿತು. ಸಿಕ್ಕಿಬಿದ್ದವರಲ್ಲಿ 42 ಮಂದಿಗೆ ಮರಣದಂಡನೆಯಾಯಿತು. ಧೋಂಡಿಯಾನ ಕುದುರೆ ದಂಡು ದಕ್ಷಿಣಕ್ಕೆ ಬರಲೇ ಇಲ್ಲ. ವೆಲ್ಲೆಸ್ಲಿಯ ಸೈನ್ಯ ಆತನನ್ನು ಬೆನ್ನಟ್ಟಿ ಸೆಪ್ಟೆಂಬರ್ 10ರಂದು ಕೊಂದಿತು.

1801ರಲ್ಲಿ ಕರ್ನಲ್ ಇನ್ನೆಸನ ಪಡೆ ವಿರೂಪಾಕ್ಷಿಯನ್ನು ಹಿಡಿಯಿತು. ಗೋಪಾಲ ನಾಯಕನು ಕಾಡು ಸೇರಿದನು. ಒಂದು ಕಾಲಕ್ಕೆ ಪರಾರಿಯಾದ ರಾಣಿಗೆ ಆಸರೆಯಾದವನು ಈಗ ತಾನೇ ಪರಾರಿ. ಮೇ ತಿಂಗಳಲ್ಲಿ ಸೆರೆಸಿಕ್ಕ ಆತನನ್ನು ಅದೇ ವರ್ಷ ನೇಣಿಗೆ ಹಾಕಲಾಯಿತು. ದಿಂಡಿಗಲ್ಲಿನ ಗೋಪಾಲಸಮುದ್ರ ಕೆರೆಯ ಬಳಿ ಈ ಕೃತ್ಯ ನಡೆಯಿತೆಂದು ಅಲ್ಲಿನ ಜನ ಹೇಳುತ್ತಾರೆ. ಅಕ್ಟೋಬರದಲ್ಲಿ ಮರುದು ಸೋದರರು, 1802ರಲ್ಲಿ ನಮ್ಮ ಬಲಂ ಸೀಮೆಯ ಕೃಷ್ಣಪ್ಪ ನಾಯಕ ಅದೇ ಹಾದಿ ಹಿಡಿಯಬೇಕಾಯಿತು.

ಯುದ್ಧಾಪರಾಧಿಗಳನ್ನು ಹುಡುಕಿ ತರುವ ಕಾರ್ಯವನ್ನು ಲೋಕ ಇಂದು ಮೆಚ್ಚುತ್ತದೆ. ಲಕ್ಷಾಂತರ ಯಹೂದಿಗಳ ಸಾವಿಗೆ ಹೊಣೆಯಾದ ಐಖ್‌ಮನ್ 1960ರಲ್ಲಿ ಅರ್ಜೆಂಟೀನಾದಲ್ಲಿ ಸಿಕ್ಕಿದಾಗ, ಜೆರುಸಲೇಮಿನ ತೆರೆದ ನ್ಯಾಯಾಲಯದಲ್ಲಿ ಬದುಕುಳಿದವರು ಎದುರು ನಿಂತು ಸಾಕ್ಷಿ ನುಡಿದರು. ಆತನ ಪರವಾಗಿಯೂ ವಕೀಲರಿದ್ದರು. ಗೋಪಾಲ ನಾಯಕನ ಪಾಲಿಗಾದರೋ ದೂರು ಕೊಟ್ಟದ್ದೂ ಕುಂಪಣಿ, ಬೆನ್ನಟ್ಟಿದ್ದೂ ಕುಂಪಣಿ, ಶಿಕ್ಷೆ ವಿಧಿಸಿದ್ದೂ ಕುಂಪಣಿಯೇ. ಕಾಳೈಯಾರ್‌ಕೋವಿಲಿನ ರಕ್ತಕ್ಕೆ ಮಾತ್ರ ಯಾರನ್ನೂ ಯಾವ ಕಟಕಟೆಯಲ್ಲೂ ನಿಲ್ಲಿಸಲಿಲ್ಲ.

ಇಂದು ವಿರೂಪಾಕ್ಷಿಯಲ್ಲಿ ಆತನ ಸ್ಮಾರಕವಿದೆ. ಗೆದ್ದವರ ಕಡತದಲ್ಲಿ ಬಂಡಾಯಗಾರನಾದವನನ್ನು ಜನರು ನಾಯಕನೆಂದೇ ಉಳಿಸಿಕೊಂಡರು. ಅಪರಾಧಿ ಯಾರು ಎಂದು ಕೇಳುವ ಮೊದಲು ತೀರ್ಪು ಬರೆದವರು ಯಾರೆಂದು ಕೇಳುವುದನ್ನು ನಮ್ಮ ಮಕ್ಕಳಿಗೆ ಕಲಿಸಬೇಕಾಗಿದೆ.